ಕಲ್ಲಿನ ಬಾಣಂತನ

ಕಲ್ಲು ಹೆತ್ತು ತವರಿನಲ್ಲಿ ಬಾಣಂತನ ಮಾಡಿಸಿಕೊಂಡ ಹೆಂಗಸು ನಮ್ಮ ಸೀಮೆಯಲ್ಲಿ ಯಾರಾದರೂ ಇದ್ದರೆ ಅದು ನನ್ನ ಅಕ್ಕ ಒಬ್ಬಳೇ. ಅನುಮಾನವಿದ್ದರೆ ನಾಗಮಂಗಲದಿಂದ ಶ್ರೀರಂಗಪಟ್ಟಣದವರೆಗೆ ಯಾರನ್ನು ಬೇಕಾದರೂ ಕೇಳಿ. ಕೇಳುವ ಮುಂಚೆ ನಿಮಗೆ ಪುರುಸೊತ್ತಿದೆಯೇ ಎಂದು ನೋಡಿಕೊಳ್ಳಿ, ಅಷ್ಟೆ. ಅಕ್ಕನ ಸುದ್ದಿ ತೆಗೆದು ಅರ್ಧಕ್ಕೆ ನಿಲ್ಲಿಸಿದವರನ್ನು ನಾನು ಇದುವರೆಗೆ ಕಂಡಿಲ್ಲ. ನಾನಂತೂ ಅವಳ ಹಿಂದೆ ಆಸ್ಪತ್ರೆ, ಔಷಧಿ ಅಂಗಡಿ, ಬಸ್‌ಸ್ಟ್ಯಾಂಡು ಎಂದು ಓಡಾಡಿ ಎಷ್ಟು ದಣಿದಿದ್ದೇನೆಂದರೆ, ಹೀಗೆ ಕೂತು ಬರೆಯುವುದೇ ಒಂದು ವಿಶ್ರಾಂತಿಯಾಗಿದೆ.

ನಾನು ಓದಿದ್ದು ಏಳನೇ ಕ್ಲಾಸಿನವರೆಗೆ. ಅರಕೆರೆ ಕಡೆಯ ಒಂದು ಸಣ್ಣ ಊರು ನಮ್ಮದು. ಅಲ್ಲಿನ ಹಾಲಿನ ಡೈರಿಯಲ್ಲಿ ಟೆಸ್ಟರ್ ಕೆಲಸ. ಬೆಳಗ್ಗೆ ಸಂಜೆ ಜನ ತಂದು ಸುರಿಯುವ ಹಾಲಿನಲ್ಲಿ ನೀರಿದೆಯೋ, ಕೊಬ್ಬು ಎಷ್ಟಿದೆಯೋ ನೋಡಿ ಹೇಳಬೇಕು. ಊರಿನವರೆಲ್ಲರ ಹಾಲಿನ ಗುಣ ನನಗೆ ಗೊತ್ತು. ಆದ್ದರಿಂದ ಊರಿನವರಿಗೆ ನನ್ನನ್ನು ಕಂಡರೆ ಅಷ್ಟಕ್ಕಷ್ಟೆ. ಅಕ್ಕನಿಗೆ ಮಾತ್ರ ನನ್ನ ಕೆಲಸದ ಮೇಲೆ ಬಹಳ ಹೆಮ್ಮೆ. "ನಮ್ ತಮ್ಮ ಟೆಸ್ಟು ಮಾಡ್ತಾನೆ" ಎಂದು ಹೋದಲ್ಲೆಲ್ಲ ಹೇಳುತ್ತಿದ್ದಳು. ಕೇಳಿದವರು ನಾನು ಯಾವುದೋ ದೊಡ್ಡ ಆಸ್ಪತ್ರೆಯಲ್ಲಿದ್ದೇನೆ ಎಂದುಕೊಂಡರೆ ಅವಳೇನೂ ತಿದ್ದಲು ಹೋಗುತ್ತಿರಲಿಲ್ಲ.

ಅಕ್ಕನನ್ನು ಕೊಟ್ಟಿದ್ದು ಬೂಕನಕೆರೆಗೆ. ಭಾವ ಬಹಳ ಮಾತು ಕಡಿಮೆಯ ಮನುಷ್ಯ. ಮೊದಲಿನಿಂದಲೂ ಹಾಗೆಯೋ, ಮದುವೆಯಾದ ಮೇಲೆ ಅವಕಾಶ ಸಿಗದೆ ಹಾಗಾದರೋ ಹೇಳುವುದು ಕಷ್ಟ. ಅವರಿಗೆ ಮಕ್ಕಳಾಗಲಿಲ್ಲ. ಅದೊಂದರ ಬಗ್ಗೆ ಅಕ್ಕ ಮಾತಾಡುತ್ತಿರಲಿಲ್ಲ, ನಾವೂ ಕೇಳುತ್ತಿರಲಿಲ್ಲ. ಉಳಿದಂತೆ ಅವಳು ಮಾತಾಡದ ವಿಷಯ ಭೂಮಿಯ ಮೇಲೆ ಇರಲಿಲ್ಲ.

ಅವಳಿಗೆ ಮೊದಲಿನಿಂದಲೂ ಆಗಾಗ ಉರಿಮೂತ್ರ, ಅದರ ಹಿಂದೆಯೇ ಚಳಿಜ್ವರ. ಡಾಕ್ಟರ ಹತ್ತಿರ ಹೋಗಲಿಲ್ಲ. ಯಾಕೆ ಹೋಗಬೇಕು, ತಾನೇ ಇರುವಾಗ? ಬಾಳೆದಿಂಡಿನ ರಸ, ಹುರುಳಿ ಬೇಯಿಸಿದ ಕಟ್ಟು, ಬಾರ್ಲಿ ನೀರು ಎಲ್ಲವನ್ನೂ ತಾನು ಕುಡಿದು, ಬೂಕನಕೆರೆಗೂ ಕುಡಿಸಿದಳು. ಒಮ್ಮೆ ಕೆ.ಆರ್. ಪೇಟೆ ಬಸ್ಸಿನಲ್ಲಿ ಕಂಡಕ್ಟರು ಸೊಂಟ ಹಿಡಿದುಕೊಂಡು ನಿಂತದ್ದು ಕಂಡು, ನಿಮಗೆ ಕಲ್ಲಾಗಿದೆ, ದಿಂಡಿನ ರಸ ಕುಡಿಯಿರಿ ಎಂದು ಅವನ ಬೆನ್ನುಹತ್ತಿದಳು. ಆತ ಪಾಪ ಮುಂದಿನ ಸ್ಟಾಪಿನವರೆಗೆ ಎಲ್ಲವನ್ನೂ ಕೇಳಿ, ತಾನು ಹಿಡಿದುಕೊಂಡಿದ್ದು ಚಿಲ್ಲರೆ ಚೀಲವನ್ನು ಎಂದು ತೋರಿಸಿದನಂತೆ.

ಕೊನೆಗೆ ಪಾಂಡವಪುರದ ಚಿಕ್ಕಮ್ಮನ ಮನೆಯ ಮದುವೆಯಲ್ಲಿ, ಊಟದ ಪಂಕ್ತಿಯಲ್ಲಿಯೇ, ಅಕ್ಕ ನಡುಗುತ್ತಾ ಬಿದ್ದಳು. ವಾರಕ್ಕೊಮ್ಮೆ ಶ್ರೀರಂಗಪಟ್ಟಣಕ್ಕೆ ಬಂದು ಕೂರುತ್ತಿದ್ದ ಮೈಸೂರಿನ ಡಾಕ್ಟರೊಬ್ಬರಿಗೆ ತೋರಿಸಿದೆವು. ಅವರು ಎಕ್ಸ್‌ರೇ ಹಿಡಿದು ಬೆಳಕಿಗೆ ಒಡ್ಡಿ ನಮಗೂ ತೋರಿಸಿದರು. ಬಲಗಡೆಯ ಕಿಡ್ನಿಯ ತುಂಬ ಒಂದೇ ಕಲ್ಲು, ಹಸಿಶುಂಠಿಯ ಗೆಡ್ಡೆಯ ಹಾಗೆ ಕವಲೊಡೆದು ಕೂತಿತ್ತು. ಮೈಸೂರಿನಲ್ಲಿ ಆಪರೇಷನ್ ಆಯಿತು. ಕಲ್ಲು ತುಂಡುತುಂಡಾಗಿ ಬಂತು. ಅಕ್ಕ ಎಚ್ಚರವಾದೊಡನೆ ಕೇಳಿದ್ದು ನೀರನ್ನಲ್ಲ, ಕಲ್ಲನ್ನು. ಅದನ್ನು ಒಂದು ಉಪ್ಪಿನಕಾಯಿ ಬಾಟಲಿಗೆ ಹಾಕಿಸಿಕೊಂಡು, ಮಡಿಲಲ್ಲಿಟ್ಟುಕೊಂಡು, ಸೀದಾ ನಮ್ಮ ಮನೆಗೆ ಬಂದಳು.

"ಒಂಬತ್ತು ತಿಂಗ್ಳಲ್ಲ ಕಣ್ಲಾ, ಅದೆಷ್ಟು ವರ್ಸ ಒತ್ಕಂಡು ತಿರುಗಿವ್ನೋ. ಒಟ್ಟೆ ಕುಯ್ದು ತೆಗೆದವ್ರೆ. ಇದು ಎರಿಗೆ ಅಲ್ದೆ ಇನ್ನೇನು? ಬಾಣಂತನ ತವರ್ನೋರು ಮಾಡ್ದೆ ಇನ್ಯಾರು ಮಾಡಾರು?"

ಅವಳು ಇದನ್ನು ನಗಿಸಲು ಹೇಳುತ್ತಿಲ್ಲ ಎಂಬುದು ನನ್ನ ಹೆಂಡತಿಗೆ ನನಗಿಂತ ಮೊದಲು ಗೊತ್ತಾಯಿತು. ಹೆಂಡತಿ ಹೋಗಿ ಹಂಡೆಗೆ ಬೆಂಕಿ ಹಾಕಿದಳು. ಹೊಲಿಗೆ ಮಾಗುತ್ತಿದ್ದಂತೆ ಎಣ್ಣೆನೀರು, ಸಾಂಬ್ರಾಣಿ ಹೊಗೆ, ತಲೆಗೆ ಬಟ್ಟೆ, ಕಿವಿಗೆ ಹತ್ತಿ, ಮೆಣಸಿನ ಸಾರು, ಎಲ್ಲವೂ ಕ್ರಮವಾಗಿ ನಡೆಯಿತು. ನೆಂಟರು ಬ್ರೆಡ್ಡು, ಕೊಬ್ಬರಿ ಹಿಡಿದು ನೋಡಲು ಬಂದರು. ಪಾಂಡವಪುರದ ಚಿಕ್ಕಮ್ಮ ಬಾಟಲಿಯನ್ನು ಎತ್ತಿ ಆ ಕಡೆ ಈ ಕಡೆ ತಿರುಗಿಸಿ, "ಥೇಟು ಅಪ್ಪನಂಗೇ ಅದೆ" ಎಂದರು. ಅಲ್ಲೇ ಗೋಡೆಗೊರಗಿ ಕೂತಿದ್ದ ಭಾವ ನಕ್ಕಿದ್ದನ್ನು ನಾನು ಕಂಡಿದ್ದು ಆವತ್ತೇ ಮೊದಲು.

ಆದರೆ ಒಂದು ಕಷ್ಟ ಬಂತು. ದಿನಕ್ಕೊಂದು ಬಿಂದಿಗೆಯಷ್ಟು ನೀರು ಕುಡಿಸಿ ಎಂದು ಡಾಕ್ಟರು ಹೇಳಿದ್ದರು. ನಮ್ಮ ಕಡೆ ಬಾಣಂತಿಗೆ ನೀರು ಕೊಡುವುದು ಔಷಧಿಯ ಹಾಗೆ, ಗುಟುಕು ಲೆಕ್ಕದಲ್ಲಿ. ಅಕ್ಕ ಬಾಣಂತಿಯಲ್ಲವೇ? ಲೋಟ ಮುಂದೆ ಹಿಡಿದರೆ ತುಟಿ ಬಿಗಿ ಹಿಡಿಯುತ್ತಿದ್ದಳು, ಮೈ ಊದಿಕೊಳ್ಳುತ್ತದಂತೆ. ನಾನು ಬೈದೆ, ಬೇಡಿದೆ, ಸುಸ್ತಾಗಿ ಡೈರಿಗೆ ಹೋದೆ. ಬರುವಷ್ಟರಲ್ಲಿ ನನ್ನ ಹೆಂಡತಿ ದಾರಿ ಕಂಡುಕೊಂಡಿದ್ದಳು. ಜೀರಿಗೆ ಹಾಕಿ ಕಾಯಿಸಿದ್ದು ಒಂದು ಲೋಟ, ಓಮ ಹಾಕಿದ್ದು ಒಂದು ಲೋಟ, ಕೊತ್ತಂಬರಿ ಬೀಜದ್ದು ಒಂದು ಲೋಟ. ಅದು ನೀರಲ್ಲ, ಕಷಾಯ! ಅಕ್ಕ ಬಿಂದಿಗೆಗಟ್ಟಲೆ ಕಷಾಯ ಕುಡಿದು, ನೀರು ಮುಟ್ಟದ ಬಾಣಂತಿ ತಾನು ಎಂದು ಜಂಬ ಕೊಚ್ಚಿಕೊಂಡಳು.

ಹೊಲಿಗೆ ಬಿಚ್ಚಿಸಲು ಹೋದಾಗಲೇ ಡಾಕ್ಟರು ಕೂರಿಸಿಕೊಂಡು ವಿವರಿಸಿದ್ದರು. ಇದು ತಿಂದ ಆಹಾರದಿಂದ ಆದ ಕಲ್ಲಲ್ಲ. ಮೂತ್ರದಲ್ಲಿ ಹುಳ ಸೇರಿಕೊಂಡಿದೆ, ಕಣ್ಣಿಗೆ ಕಾಣದ ಹುಳ. ಗೆದ್ದಲು ಹುತ್ತ ಕಟ್ಟುವ ಹಾಗೆ ಅದು ಕಲ್ಲು ಕಟ್ಟಿದೆ. "ಹುತ್ತ ಒಡೆದು ತೆಗೆದಿದ್ದೇವೆ. ಚೂರುಪಾರು ಒಳಗೆ ಉಳಿದಿದೆ, ಅದರಲ್ಲಿ ಹುಳವೂ ಇದೆ. ಗುಳಿಗೆ ನುಂಗಿ ಹುಳ ಸಾಯಿಸದಿದ್ದರೆ ಮತ್ತೆ ಕಟ್ಟುತ್ತೆ. ಕಿಡ್ನಿ ಉಳಿಯೋದು ಇನ್ನು ಗುಳಿಗೆಯ ಮೇಲೆ."

ಇಷ್ಟು ಮಾತಿನಲ್ಲಿ ಅಕ್ಕನ ಕಿವಿಗೆ ಬಿದ್ದದ್ದು ಹುತ್ತ ಎನ್ನುವುದೊಂದೇ. ಮರುದಿನ ಬೆಳಗ್ಗೆ ಡೈರಿಗೆ ಬರಬೇಕಾದ ನಮ್ಮ ಮನೆಯ ಹಾಲು ಬರಲಿಲ್ಲ. ನೋಡಿದರೆ ಅಕ್ಕ ಅದನ್ನು ತೆಗೆದುಕೊಂಡು ಹೋಗಿ, ಅರಳಿಮರದ ಬುಡದ ಹುತ್ತಕ್ಕೆ ಎರೆದು, ಅರಿಶಿನ ಕುಂಕುಮ ಹಚ್ಚಿ, ತನ್ನ ಹೊಟ್ಟೆಯೊಳಗಿನ ಹುತ್ತ ಒಡೆದದ್ದಕ್ಕೆ ತಪ್ಪಾಯಿತೆಂದು ಕೇಳಿಕೊಂಡು ಬಂದಿದ್ದಳು. ತಪ್ಪು ತನ್ನದಲ್ಲ, ಮೈಸೂರಿನ ಡಾಕ್ಟರದು ಎಂದು ಹೆಸರು ವಿಳಾಸ ಸಮೇತ ಹೇಳಿ ಬಂದಳಂತೆ.

ಗುಳಿಗೆಗಳಲ್ಲಿ ಎರಡು ಬಗೆ. ಒಂದು ಹುಳ ಕೊಲ್ಲುವುದು. ಇನ್ನೊಂದು, ಆ ಹುಳ ಮೂತ್ರವನ್ನು ಕೆಡಿಸಿ ಕಲ್ಲು ಕಟ್ಟದ ಹಾಗೆ ತಡೆಯುವುದು. ಈ ಎರಡನೆಯದು ನಮ್ಮ ಕಡೆಯ ಅಂಗಡಿಗಳಲ್ಲಿ ಸಿಗದು, ಮೈಸೂರಿನಲ್ಲಿ ಹೇಳಿ ತರಿಸಿ, ಮತ್ತೆ ಹೋಗಿ ತರಬೇಕು. ನುಂಗಿದರೆ ತಲೆನೋವು, ವಾಕರಿಕೆ. ಬಾಚಿದರೆ ಬಾಚಣಿಗೆಯ ತುಂಬ ಕೂದಲು. ತಿಂಗಳುಗಟ್ಟಲೆ ನುಂಗಬೇಕು. ಅಕ್ಕನ ಕೈಗೆ ಗುಳಿಗೆ ಕೊಟ್ಟ ಮೊದಲ ವಾರದಲ್ಲೇ ಅರ್ಧ ಖಾಲಿ. ಅಷ್ಟು ನಿಷ್ಠೆಯೇ ಎಂದು ನಾನು ಮೆಚ್ಚಿಕೊಳ್ಳುವಷ್ಟರಲ್ಲಿ ವಿಷಯ ಹೊರಬಿತ್ತು. ನೋಡಲು ಬಂದ ಹೆಂಗಸರಿಗೆಲ್ಲ ಅರಿಶಿನ ಕುಂಕುಮದ ಜೊತೆ ಒಂದೊಂದು ಗುಳಿಗೆ ಕೊಟ್ಟು ಕಳಿಸುತ್ತಿದ್ದಳು. ಒಬ್ಬರಿಗೆ ಉರಿ, ಒಬ್ಬರಿಗೆ ಸೊಂಟನೋವು. ಒಬ್ಬರಿಗೆ ಏನೂ ಇರಲಿಲ್ಲ, ಆದರೆ ಬರಿಗೈಯಲ್ಲಿ ಕಳಿಸುವುದು ಹೇಗೆ?

ಅಂದಿನಿಂದ ಗುಳಿಗೆಯನ್ನು ಡೈರಿಯ ಬೀರುವಿನಲ್ಲಿ ಬೀಗ ಹಾಕಿಟ್ಟು, ಹೊತ್ತುಹೊತ್ತಿಗೆ ಮನೆಗೆ ಹೋಗಿ ನಾನೇ ನುಂಗಿಸಿದೆ. ಬಾಯಿ ತೆರೆಸಿ ನಾಲಿಗೆಯ ಕೆಳಗೂ ನೋಡುತ್ತಿದ್ದೆ. "ಎಮ್ಮೆ ಹಲ್ಲು ನೋಡ್ದಂಗೆ ನೋಡ್ತೀಯಲ್ಲಾ" ಎಂದು ಗೊಣಗುತ್ತಿದ್ದಳು. ಗೊಣಗಿದರೂ ಬಾಯಿ ತೆರೆಯುತ್ತಿದ್ದಳು. ಬೇರೆ ಯಾರಿಗೂ ತೆರೆಯುತ್ತಿರಲಿಲ್ಲ.

ಡಾಕ್ಟರು ಒಂದು ಸಣ್ಣ ಕಟ್ಟು ಕೆಂಪು ಕಾಗದವನ್ನೂ ಕೊಟ್ಟಿದ್ದರು. ಮೂತ್ರದಲ್ಲಿ ಅದ್ದಿದಾಗ ಅದು ನೀಲಿಯಾದರೆ ಹುಳದ ಕಾಟ ಇನ್ನೂ ಇದೆ ಎಂದು ಅನುಮಾನಿಸಬೇಕು. ಇದು ಸಿಕ್ಕಿದ್ದೇ ತಡ, ಮನೆಯಲ್ಲಿ ಇಬ್ಬರು ಟೆಸ್ಟರುಗಳಾದೆವು! ಅಕ್ಕ ಕಾಗದವನ್ನು ಹುಣಸೆ ಸಾರಿಗೆ ಅದ್ದಿದಳು, ಮಜ್ಜಿಗೆಗೆ ಅದ್ದಿದಳು, ಕೆಂಪು ಕೆಂಪಾಗಿಯೇ ಉಳಿಯಿತು, ಪಾಸು. ಬಟ್ಟೆ ಒಗೆಯುವ ಸೋಪಿನ ನೀರಿನಲ್ಲಿ ಕಾಗದ ನೀಲಿಯಾಯಿತು. "ನೋಡ್ಲಾ, ಸೋಪ್ಗೂ ಉರಿಮೂತ್ರ ಅದೆ" ಎಂದಳು. ಎಲೆಗೆ ಹಚ್ಚಿಕೊಳ್ಳುವ ಸುಣ್ಣ ಫೇಲಾಯಿತು. ಬೋರ್‌ವೆಲ್ ನೀರಿನಲ್ಲಿ ಕಾಗದ ಸ್ವಲ್ಪ ಬಣ್ಣ ತಿರುಗಿದಂತೆ ಕಂಡದ್ದೇ, ಊರಿನ ನೀರಿಗೆ ರೋಗ ಬಂದಿದೆ ಎಂದು ಬೀದಿಗೆಲ್ಲ ಸಾರಿದಳು. ಬಿಂದಿಗೆ ಹಿಡಿದ ಹೆಂಗಸರು ಜಗಳಕ್ಕೆ ನಮ್ಮ ಬಾಗಿಲಿಗೇ ಬಂದರು. ಅವರನ್ನು ಸಮಾಧಾನ ಮಾಡಿ ಕಳಿಸುವಷ್ಟರಲ್ಲಿ ನನಗೆ ಸಂಜೆಯ ಹಾಲಿನ ಹೊತ್ತಾಗಿತ್ತು.

ಹೀಗೆ ತಿಂಗಳುಗಳು ಉರುಳಿದವು. ನನ್ನ ಹೆಂಡತಿಯ ಕಣ್ಣಿನ ಕೆಳಗೆ ಕಪ್ಪು ಬಂತು. ನನಗೆ ನಿಂತಲ್ಲೇ ತೂಕಡಿಕೆ. ಭಾವ ಬೂಕನಕೆರೆಯಲ್ಲಿ ತಾವೇ ಮುದ್ದೆ ತಿರುವಿಕೊಂಡು ಸೊರಗಿದ್ದರು. ಗುಳಿಗೆ ಸಾಕು ಎಂದು ಅಕ್ಕ ದಿನಾ ಅಳುತ್ತಿದ್ದಳು. ಆಗ ಡಾಕ್ಟರು, ಮೂತ್ರದಲ್ಲಿ ಹುಳ ಬೆಳೆಯುತ್ತದೆಯೇ ಎಂದು ಮೈಸೂರಿನ ಲ್ಯಾಬಿನಲ್ಲಿ ನೋಡಿಸೋಣ ಎಂದರು. ಹುಳ ಬೆಳೆಯದಿದ್ದರೆ ಗುಳಿಗೆ ನಿಲ್ಲಿಸಬಹುದು. ಬೆಳೆದರೆ ಬೇರೆ ಗುಳಿಗೆ, ಮತ್ತೆ ತಿಂಗಳುಗಳು.

ಆ ದಿನ ಬೆಳಗ್ಗೆ ಅಕ್ಕ ಲ್ಯಾಬಿನ ಬಾಟಲಿಯನ್ನು ಕೈಗಿಡುತ್ತಾ, ಕಾಗದ ಇನ್ನೂ ನೀಲಿಯಾಗುತ್ತಿದೆ ಎಂದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಸೋಪಿಗೂ ಸುಣ್ಣಕ್ಕೂ ಅದ್ದಿದ ಕಟ್ಟು ಅದು, ಕೆಟ್ಟಿರುತ್ತದೆ ಎಂದುಕೊಂಡೆ. ಐಸ್‌ಕ್ಯಾಂಡಿಯ ಚೂರುಗಳ ನಡುವೆ ಬಾಟಲಿ ಇಟ್ಟು, ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಹೊರಟೆ. ಬಸ್ಸಿನಲ್ಲಿ ನಿಲ್ಲಲು ಜಾಗವಿರಲಿಲ್ಲ. ಬಾಬುರಾಯನಕೊಪ್ಪಲಿನ ಹತ್ತಿರ ಡ್ರೈವರು ಬ್ರೇಕು ಹಾಕಿದ, ಚೀಲ ಕಂಬಿಗೆ ಬಡಿಯಿತು, ಮುಚ್ಚಳ ಹಾರಿತು. ಪಕ್ಕದವರು ಕಾಲು ಎತ್ತಿಕೊಂಡು ಏನು ಚೆಲ್ಲಿತು ಎಂದರು. ಮಜ್ಜಿಗೆ ಎಂದೆ. ಮಜ್ಜಿಗೆ ಇಷ್ಟು ತಿಳಿಯಾಗಿರುತ್ತದೆಯೇ ಎಂದು ಅನುಮಾನಪಟ್ಟರು. ನಮ್ಮ ಊರಿನ ಡೈರಿಯ ಹಾಲಿನದು ಎಂದೆ. ಅವರು ನಂಬಿದರು! ಅಷ್ಟು ವರ್ಷದ ನನ್ನ ನೌಕರಿಗೆ ನಾನೇ ಮಸಿ ಬಳಿದುಕೊಂಡೆ.

ನಗುವುದು ಇಲ್ಲಿಗೆ ಸಾಕು. ಮುಂದಿನದನ್ನು ಹೇಳಬೇಕೆಂದೇ ಇಷ್ಟು ಹೊತ್ತು ಸುತ್ತಾಡಿದೆ.

ಡೈರಿಯಲ್ಲಿ ಪ್ರತಿಯೊಬ್ಬರ ಹಾಲಿನಿಂದಲೂ ಸ್ವಲ್ಪ ತೆಗೆದು ಸಣ್ಣ ಬಾಟಲಿಯಲ್ಲಿಟ್ಟು ಆಮೇಲೆ ಪರೀಕ್ಷೆ ಮಾಡುತ್ತೇವೆ. ಗಲಾಟೆಯಲ್ಲಿ ಯಾರದಾದರೂ ಬಾಟಲಿ ಉರುಳಿ ಹೋದರೆ, ಪಕ್ಕದ ಒಳ್ಳೆಯ ಹಾಲಿನಿಂದ ಅದನ್ನು ತುಂಬಿ ಇಟ್ಟುಬಿಡುವುದು ನಮ್ಮಲ್ಲಿ ರೂಢಿ. ಮನೆಗೆ ಹೋದವರನ್ನು ಮತ್ತೆ ಕರೆಸುವುದು ಬೇಡ, ಯಾರಿಗೂ ನಷ್ಟವೂ ಇಲ್ಲ. ಇದನ್ನು ಮೋಸ ಎಂದು ನಾವು ಯಾರೂ ಅಂದುಕೊಂಡಿರಲಿಲ್ಲ. ಉಪಕಾರ ಎಂದೇ ತಿಳಿದಿದ್ದೆವು.

ಲ್ಯಾಬಿಗೆ ಹೋಗಿ, ಮುಚ್ಚಳ ಸರಿಯಿಲ್ಲ ಎಂದು ಹೇಳಿ ಇನ್ನೊಂದು ಬಾಟಲಿ ಕೇಳಿ ಪಡೆದೆ. ಪೇಶೆಂಟ್ ಎಲ್ಲಿ ಎಂದರು. ಹೊರಗೆ ಕೂತಿದ್ದಾರೆ ಎಂದೆ. ಹಿಂದಿನ ಪಾಯಖಾನೆಗೆ ಹೋಗಿ ನನ್ನದನ್ನೇ ಹಿಡಿದು, ಅಕ್ಕನ ಹೆಸರು ಬರೆಸಿ ಕೊಟ್ಟು ಬಂದೆ. ಮತ್ತೆ ಊರಿಗೆ ಹೋಗಿ ಬರುವಷ್ಟು ಸಮಯವಿರಲಿಲ್ಲ ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಸುಳ್ಳು. ಮರುದಿನ ಹೋಗಬಹುದಿತ್ತು. ಇದು ಮುಗಿದರೆ ಸಾಕು, ಅಕ್ಕ ಅವಳ ಮನೆಗೆ ಹೋದರೆ ಸಾಕು ಎನಿಸಿತ್ತು. ನಿಜ ಅಷ್ಟೇ.

ಹುಳ ಇಲ್ಲ ಎಂದು ರಿಪೋರ್ಟು ಬಂತು. ಡಾಕ್ಟರು ಖುಷಿಯಾಗಿ ಗುಳಿಗೆ ನಿಲ್ಲಿಸಿದರು. ಅಕ್ಕ ಉಳಿದ ಕಾಗದಗಳನ್ನು ಒಲೆಗೆ ಹಾಕಿದಳು. ನನ್ನ ಹೆಂಡತಿ ಅವಳನ್ನು ಬಾಣಂತನ ಮುಗಿಸಿದ ಹೆಣ್ಣುಮಗಳ ಹಾಗೆಯೇ ಮಣೆಯ ಮೇಲೆ ಕೂರಿಸಿ, ರವಿಕೆಕಣ ಇಟ್ಟು, ಮಡಿಲಿಗೆ ಅಕ್ಕಿ ತುಂಬಿದಳು. ಅಕ್ಕ ನನ್ನ ತಲೆ ಸವರಿ, ಟೆಸ್ಟು ಅಂದರೆ ನಮ್ಮ ತಮ್ಮನೇ ಎಂದು ಹೇಳಿ ಬಸ್ಸು ಹತ್ತಿದಳು. ನಾನು ಆ ವಾರ ಚೆನ್ನಾಗಿ ನಿದ್ದೆ ಮಾಡಿದೆ. ಅದನ್ನು ನೆನೆದರೆ ಈಗ ನಿದ್ದೆ ಬರುವುದಿಲ್ಲ.

ಮುಂದಿನ ವರ್ಷ ಬೂಕನಕೆರೆಯಲ್ಲಿ ಮತ್ತೆ ಚಳಿಜ್ವರ ಬಂತು. ರಿಪೋರ್ಟು ಚೆನ್ನಾಗಿತ್ತಲ್ಲ, ಇದು ಬರೀ ಉಷ್ಣ ಎಂದು ಅಕ್ಕ ದಿಂಡಿನ ರಸ ಕುಡಿಯುತ್ತಾ ಕೂತಳು. ಭಾವ ಎಸ್‌ಟಿಡಿ ಬೂತಿನಿಂದ ಡೈರಿಗೆ ಫೋನು ಮಾಡುವ ಹೊತ್ತಿಗೆ ಅವಳಿಗೆ ಪ್ರಜ್ಞೆ ಇರಲಿಲ್ಲ. ಹುತ್ತ ಪೂರ್ತಿ ಕಟ್ಟಿತ್ತು, ಒಳಗೆಲ್ಲ ಕೀವು. ಬಲಗಡೆಯ ಕಿಡ್ನಿಯನ್ನೇ ತೆಗೆದರು. ಡಾಕ್ಟರು ಹಳೆಯ ರಿಪೋರ್ಟನ್ನು ಮತ್ತೆ ಮತ್ತೆ ನೋಡಿ, ಗುಳಿಗೆ ನಿಲ್ಲಿಸಿದ್ದು ನನ್ನದೇ ತಪ್ಪೇನೋ ಅಮ್ಮ ಎಂದರು. ಅಕ್ಕ ಮಲಗಿದ್ದಲ್ಲಿಂದಲೇ ಅವರಿಗೆ ಸಮಾಧಾನ ಹೇಳಿದಳು. "ಬುಡಿ ಸಾಮಿ, ಇನ್ನೊಂದು ಅದೆಯಲ್ಲ." ನಾನು ಮಂಚದ ಕಾಲ ಬಳಿ ನಿಂತು ನೆಲ ನೋಡುತ್ತಿದ್ದೆ. ಅಲ್ಲಿ ಬಾಯಿ ಬಿಡಲಿಲ್ಲ.

ಆ ಇನ್ನೊಂದರ ಮೂತ್ರದಲ್ಲೂ ಹುಳ ಸಿಕ್ಕಿತು. ಮತ್ತೆ ನಮ್ಮ ಮನೆ, ಮತ್ತೆ ಗುಳಿಗೆ, ತಲೆನೋವು, ಬಾಚಣಿಗೆಯ ತುಂಬ ಕೂದಲು. ಈ ಸಲ ಅವಳು ಯಾರಿಗೂ ಒಂದನ್ನೂ ಕೊಡಲಿಲ್ಲ. ಮತ್ತೆ ತಿಂಗಳುಗಳಾದ ಮೇಲೆ, ಮತ್ತೆ ಲ್ಯಾಬಿಗೆ ಕೊಡುವ ದಿನ ಬಂತು. ಹುಳ ಸತ್ತಿದೆಯೋ ಇಲ್ಲವೋ ಸರಿಯಾಗಿ ಗೊತ್ತಾಗಬೇಕು, ಇರುವುದು ಒಂದೇ ಕಿಡ್ನಿ ಎಂದು ಡಾಕ್ಟರು ಒತ್ತಿ ಹೇಳಿದ್ದರು.

ಬೆಳಗ್ಗೆ ಜಗಲಿಯ ಮೇಲೆ ಕೂತಿದ್ದೆ. ಅಕ್ಕ ಬಂದು ಬಾಟಲಿ ಚಾಚಿದಳು.

"ಇಡ್ಕಳ್ಳಾ, ಬಸ್ಸು ಓಯ್ತದೆ."

ನಾನು ಬಾಟಲಿ ತೆಗೆದುಕೊಳ್ಳಲಿಲ್ಲ.

"ಅಕ್ಕ, ಆವತ್ತು ಕೊಟ್ಟಿದ್ದು ನಿಂದಲ್ಲ."

"ಏನು ನಂದಲ್ಲ?"

ಹೇಳಿದೆ. ಬಸ್ಸು, ಬ್ರೇಕು, ಮಜ್ಜಿಗೆ, ಲ್ಯಾಬಿನ ಹಿಂದಿನ ಪಾಯಖಾನೆ, ಒಂದನ್ನೂ ಬಿಡದೆ ಹೇಳಿದೆ. ನಿನ್ನನ್ನು ಊರಿಗೆ ಕಳಿಸಿದರೆ ಸಾಕಾಗಿತ್ತು ಎಂಬುದನ್ನೂ ಹೇಳಿದೆ. ಒಳಗೆ ಪಾತ್ರೆ ತಿಕ್ಕುತ್ತಿದ್ದ ನನ್ನ ಹೆಂಡತಿಯ ಕೈಸದ್ದು ನಿಂತುಹೋಯಿತು. ಅಕ್ಕ ಕಂಬ ಹಿಡಿದುಕೊಂಡು ನಿಧಾನವಾಗಿ ಪಕ್ಕದಲ್ಲಿ ಕೂತಳು.

"ಕಾಗ್ದ ನೀಲಿ ಆಗ್ತದೆ ಅಂದಿದ್ನಲ್ಲಾ."

"ಊಂ."

"ಅಂದಿದ್ನಲ್ಲ ನಾನು."

ನಾನು ಹುಟ್ಟಿದಂದಿನಿಂದ ಅವಳು ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ಕಂಡಿಲ್ಲ. ಹೊಡೆಯಲಿ ಎಂದು ಕಾದೆ, ಶಾಪ ಹಾಕಲಿ ಎಂದು ಕಾದೆ. ಎದುರು ಮನೆಯ ಎಮ್ಮೆಯನ್ನು ಹೊಡೆದುಕೊಂಡು ಹೋದರು. ಅದು ತಿರುವು ದಾಟುವವರೆಗೂ ಅಕ್ಕ ನೋಡುತ್ತಿದ್ದಳು.

"ಅಂಗಾರೆ ಆ ರಿಪೋಟು ನಿಂದು?"

"ಊಂ."

"ಉಳ ಇಲ್ಲ ಅಂತ ಬಂತಲ್ಲ, ಅದು?"

"ಊಂ."

ಅವಳು ದೊಡ್ಡದಾಗಿ ಉಸಿರುಬಿಟ್ಟಳು. "ಒಂದೇ ಒಟ್ಟೇಲಿ ಉಟ್ಟಿರೋರು. ನಿಂಗೂ ಇದೇ ಬಂದ್ಬುಟ್ಟದೇನೋ ಅಂತ ಎದ್ರಿಕೆ ಆಗಿತ್ತು ಕಣ್ಲಾ. ಡಾಕ್ಟ್ರನ್ನ ಓದಾಗ್ಲೆಲ್ಲ ಕೇಳ್ತಿದ್ದೆ. ಬುಡು, ನಿಂದು ಚೆನ್ನಾಗದೆ."

ಅವಳೇ ಎದ್ದಳು. ಬಾಟಲಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಈ ಸಲ ತಾನೇ ಬರುತ್ತೇನೆ ಎಂದು ಚಪ್ಪಲಿ ಮೆಟ್ಟಿದಳು. ನನ್ನ ಮೇಲೆ ಅವಳಿಗೆ ನಂಬಿಕೆ ಉಳಿದಿದೆಯೋ ಇಲ್ಲವೋ ನಾನು ಕೇಳಲಿಲ್ಲ. ಬಸ್ಸಿನ ಮೆಟ್ಟಿಲು ಹತ್ತುವಾಗ ಮಾತ್ರ ನನ್ನ ರಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಸೀಟು ಸಿಕ್ಕಿತು. ಅರಕೆರೆ ದಾಟುವಷ್ಟರಲ್ಲಿ ಪಕ್ಕದಲ್ಲಿ ಕೂತಿದ್ದ ಗುರುತಿಲ್ಲದ ಹೆಂಗಸಿನ ಹತ್ತಿರ ಅವಳ ಮಾತು ಶುರುವಾಗಿತ್ತು. ಕಂಬಿ ಹಿಡಿದು ನಿಂತಿದ್ದ ನನಗೆ ಎಲ್ಲವೂ ಕೇಳುತ್ತಿತ್ತು.

"ನಮ್ ತಮ್ಮ ಕಣವ್ವ, ಇವ್ನು. ಮೈಸೂರ್ನಲ್ಲೇ ಟೆಸ್ಟ್ ಆಗದೆ. ಒಂದು ಉಳ ಇಲ್ಲ ಇವ್ನಿಗೆ, ಒಂದೂ ಇಲ್ಲ."